ಬಾಗಿಲ ಕೀಲು ನೋಡಿ ವರ್ಷ ಹೇಳುವುದು: ಫ್ರಾನ್ಸಿನ ಬೀದಿಯ ಹಳೆ ಕಾರುಗಳು

ಓದಲಿಕ್ಕೋ ಕೆಲಸಕ್ಕೋ ಫ್ರಾನ್ಸಿಗೆ ಬಂದಿಳಿದ ನಮ್ಮ ಕಡೆಯವರ ಫೋನಿನಲ್ಲಿ ಮೊದಲ ವಾರವೇ ಸಿಟ್ರೊಯೆನ್ ಕಂಪನಿಯ ಪುಟ್ಟ ಹಳೆ ಕಾರು 2ಸಿವಿಯ ಫೋಟೊ ಒಂದು ಸೇರಿರುತ್ತದೆ. ಐಫೆಲ್ ಗೋಪುರದ ಹತ್ತಿರ ಪ್ರವಾಸಿಗರನ್ನು ಸುತ್ತಾಡಿಸುವ, ಹೊಸ ಬಣ್ಣ ಬಳಿದ ಗಾಡಿ ಅದು. ನೋಡಲು ಚೆಂದ. ಆದರೆ ಅಂಥ ಗಾಡಿಗಳಲ್ಲಿ ಬಾನೆಟ್ ಒಂದು ಕಾಲದ್ದು, ಬಾಗಿಲು ಇನ್ನೊಂದು ಕಾಲದ್ದು, ಸೀಟು ಮತ್ತೊಂದು ಕಾಲದ್ದು ಆಗಿರುವುದೇ ಹೆಚ್ಚು. ನಿಂತು ನೋಡಬೇಕಾದ ಗಾಡಿ ಸಿಗುವುದು ಬೇರೆ ಕಡೆ: ಸಣ್ಣ ಊರಿನ ಬೇಕರಿಯ ಮುಂದೆ, ಭಾನುವಾರದ ಸಂತೆಯ ಪಕ್ಕದ ಓಣಿಯಲ್ಲಿ, ಮಾಸಿದ ಬಣ್ಣದಲ್ಲಿ, ಹಿಂದಿನ ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು. ಅದು ಯಾವ ವರ್ಷದ್ದು, ಹೇಗೆ ಬಾಳಿದೆ, ಇನ್ನೆಷ್ಟು ದಿನ ಬಾಳೀತು ಎಂದು ಹೇಳಲು ಬಾನೆಟ್ ಎತ್ತಬೇಕಿಲ್ಲ. ಏನು ನೋಡಬೇಕೆಂದು ಗೊತ್ತಿದ್ದರೆ ಗಾಡಿಗೆ ಒಂದು ಸುತ್ತು ಹಾಕಿದರೆ ಸಾಕು.

ಮೊದಲು ನಂಬರ್ ಪ್ಲೇಟ್ ನೋಡಿ. ಈಗಿನ ಫ್ರೆಂಚ್ ನಂಬರಿನಲ್ಲಿ ಎರಡು ಅಕ್ಷರ, ಮೂರು ಅಂಕಿ, ಮತ್ತೆ ಎರಡು ಅಕ್ಷರ ಇರುತ್ತವೆ. ಈ ಪದ್ಧತಿ ಬಂದದ್ದು 2009ರಲ್ಲಿ. ಅದಕ್ಕೂ ಮುಂಚೆ ಅಂಕಿಗಳು, ನಡುವೆ ಅಕ್ಷರಗಳು, ಕೊನೆಗೆ ಜಿಲ್ಲೆಯ ಸಂಖ್ಯೆ ಬರುತ್ತಿತ್ತು: ಪ್ಯಾರಿಸ್ಸಿಗೆ 75, ಲಿಯೋನ್ ಇರುವ ರೋನ್ ಜಿಲ್ಲೆಗೆ 69, ಮಾರ್ಸೇ ಕಡೆಗೆ 13. ಹಳೆ ಪದ್ಧತಿಯ ಗಾಡಿ ಕೈ ಬದಲಾಯಿಸಿದರೆ, ಅಥವಾ ಯಜಮಾನ ಮನೆ ಬದಲಾಯಿಸಿದರೂ, ಹೊಸ ಪದ್ಧತಿಯ ನಂಬರು ಬಂದುಬಿಡುತ್ತದೆ. ಹಾಗಾಗಿ ಇವತ್ತಿಗೂ ಕೊನೆಯಲ್ಲಿ ಜಿಲ್ಲೆಯ ಸಂಖ್ಯೆ ಉಳಿಸಿಕೊಂಡಿರುವ ಗಾಡಿ ಕಂಡರೆ, 2009ರಿಂದೀಚೆಗೆ ಅದು ಒಬ್ಬರದೇ ಕೈಯಲ್ಲಿ, ಒಂದೇ ವಿಳಾಸದಲ್ಲಿ ಇದೆ ಎಂದು ತಿಳಿಯಬಹುದು. ಇಡೀ ಗಾಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗುರುತು ಇದು. ಕೊನೆಯ ಸಂಖ್ಯೆ 91ರಿಂದ 95ರೊಳಗೆ ಇದ್ದರೆ ಆ ನಂಬರು 1968ಕ್ಕಿಂತ ಹಳೆಯದಿರಲಾರದು, ಏಕೆಂದರೆ ಪ್ಯಾರಿಸ್ ಸುತ್ತಲಿನ ಆ ಜಿಲ್ಲೆಗಳು ಹುಟ್ಟಿದ್ದೇ ಆಗ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಕಂಡ ಮಾತ್ರಕ್ಕೆ ಹಳೆ ನಂಬರು ಎಂದುಕೊಳ್ಳಬೇಡಿ. 30 ವರ್ಷ ದಾಟಿ, ಸಂಗ್ರಹದ ವಾಹನವೆಂದು ನೋಂದಣಿಯಾದ ಗಾಡಿಗೆ ಹೊಸ ನಂಬರನ್ನೇ ಕಪ್ಪು ಹಲಗೆಯಲ್ಲಿ ಹಾಕಿಕೊಳ್ಳುವ ಅವಕಾಶ ಇದೆ. ಆ ನೋಂದಣಿ ಇದ್ದರೆ ತಾಂತ್ರಿಕ ತಪಾಸಣೆಯೂ ಎರಡು ವರ್ಷದ ಬದಲು ಐದು ವರ್ಷಕ್ಕೊಮ್ಮೆ.

ಆಮೇಲೆ ಹೆಡ್‌ಲೈಟು. 1930ರ ದಶಕದ ಕೊನೆಯಿಂದ 1993ರವರೆಗೆ ಫ್ರಾನ್ಸಿನಲ್ಲಿ ಹೆಡ್‌ಲೈಟ್ ಹಳದಿ ಇರಬೇಕೆಂಬ ಕಾನೂನಿತ್ತು. ಗಾಜೇ ಹಳದಿಯೋ, ಒಳಗಿನ ಬಲ್ಬು ಹಳದಿಯೋ, ಅಂತೂ ಬೆಳಕು ಅರಿಶಿನದ ಬಣ್ಣದ್ದು. ಹಳೆ ಫ್ರೆಂಚ್ ಕಾರಿಗೆ ಬಿಳಿ ಬಲ್ಬು ಕಂಡರೆ ಅದು ಬೆಲ್ಜಿಯಂ, ಜರ್ಮನಿಯಂಥ ಕಡೆ ಮಾರಾಟವಾಗಿ ಮರಳಿ ಬಂದದ್ದಿರಬಹುದು, ಇಲ್ಲವೇ ಯಾರೋ ಬಲ್ಬು ಬದಲಾಯಿಸಿರಬಹುದು. ಬಲ್ಬು ಬದಲಾಯಿಸುವುದು ಐದು ನಿಮಿಷದ ಕೆಲಸವಾದ್ದರಿಂದ ಈ ಒಂದೇ ಗುರುತು ನಂಬಿ ತೀರ್ಮಾನಕ್ಕೆ ಬರಬಾರದು.

ಈಗ 2ಸಿವಿ. ಫ್ರೆಂಚರ ಬಾಯಲ್ಲಿ ಇದು ದ್ಯೂ ಶ್ವೋ, ಮುದ್ದಿಗೆ ದ್ಯೂಶ್. 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದು 1990ರ ಜುಲೈವರೆಗೆ ತಯಾರಾಯಿತು. ಕೊನೆಯ ಎರಡು ವರ್ಷ ಪ್ಯಾರಿಸ್ ಪಕ್ಕದ ಲವಲ್ವಾ ಕಾರ್ಖಾನೆ ಮುಚ್ಚಿ, ಪೋರ್ಚುಗಲ್ಲಿನ ಮಾಂಗ್ವಾಲ್ದೆಯಲ್ಲಷ್ಟೇ ಕಟ್ಟುತ್ತಿದ್ದರು. ನಲವತ್ತು ವರ್ಷದಲ್ಲಿ ಆಕಾರ ಬದಲಾಗದಿದ್ದರೂ ವಿವರಗಳು ಬದಲಾಗುತ್ತಲೇ ಹೋದವು. ಬಾನೆಟ್ ನೋಡಿ: ಮನೆ ಹೊದಿಸುವ ತಗಡಿನ ಹಾಗೆ ಮೇಲಿಂದ ಕೆಳಗೆ ಒತ್ತೊತ್ತಾಗಿ ಅಲೆಅಲೆಯಾಗಿದ್ದರೆ 1960ರ ಕೊನೆಗಿಂತ ಮುಂಚಿನದು. ಐದೇ ಉಬ್ಬುಪಟ್ಟಿ ಇದ್ದರೆ ಆಮೇಲಿನದು. ತಗಡನ್ನು ಹಾಗೆ ಮಡಿಸಿದ್ದು ಅಂದಕ್ಕಲ್ಲ. ತೆಳು ತಗಡಿಗೆ ಬಲ ಬರಲು, ಗಾಡಿ ಹಗುರಾಗಿಯೂ ಅಗ್ಗವಾಗಿಯೂ ಇರಲು. ಮುಂದಿನ ಬಾಗಿಲ ಕೀಲು ಎಲ್ಲಿದೆ ನೋಡಿ: ಬಾಗಿಲಿನ ಹಿಂಬದಿಗೆ ಇದ್ದು ಬಾಗಿಲು ಹಿಮ್ಮುಖವಾಗಿ ತೆರೆದುಕೊಳ್ಳುವಂತಿದ್ದರೆ 1964ರ ಕೊನೆಯೊಳಗಿನದು. ಹಿಂದಿನ ಬಾಗಿಲ ಆಚೆ, ಛಾವಣಿ ಇಳಿಯುವ ಜಾಗದಲ್ಲಿ ಮೂರನೆಯ ಸಣ್ಣ ಕಿಟಕಿ ಬಂದದ್ದು 1965ರ ಸೆಪ್ಟೆಂಬರಿನಲ್ಲಿ. ಚೌಕ ಹೆಡ್‌ಲೈಟು 1974ರಲ್ಲಿ.

ಇಲ್ಲಿ ಎಂಥವರೂ ಎಡವುವ ಒಂದು ಜಾಗ ಇದೆ. 1975ರಲ್ಲಿ ಸ್ಪೆಸಿಯಾಲ್ ಎಂಬ ಅಗ್ಗದ ಮಾದರಿ ಬಂತು. ಅದಕ್ಕೆ ಮತ್ತೆ ದುಂಡು ಹೆಡ್‌ಲೈಟು ಹಾಕಿ, ಮೂರನೆಯ ಕಿಟಕಿ ತೆಗೆದುಹಾಕಿದರು. ದೂರದಿಂದ ನೋಡಿದರೆ ಅರವತ್ತರ ದಶಕದ ಮೊದಲರ್ಧದ ಗಾಡಿ ಎನಿಸುತ್ತದೆ. ಹತ್ತಿರ ಹೋಗಿ ಬಾಗಿಲ ಕೀಲು ನೋಡಿ: ಮುಂಬದಿಗೆ ಇದ್ದರೆ ಸಂಶಯ ಅಲ್ಲಿಗೇ ಮುಗಿಯಿತು. ಕೆಂಪುಮಿಶ್ರಿತ ಕಂದು ಮತ್ತು ಕಪ್ಪು ಬಣ್ಣದ, ಪಕ್ಕಕ್ಕೆ ಕಮಾನಿನಂಥ ಗೆರೆಯ ಷಾರ್ಲ್‌ಸ್ಟನ್ 1980ರಿಂದೀಚಿನದು. ಹಳೆ ಕಾಲದ ರೂಪ ಹೊತ್ತಿದ್ದರಿಂದ ಬಹಳ ಜನ ಅದನ್ನೇ ಎಲ್ಲಕ್ಕಿಂತ ಹಳೆಯದೆಂದು ಫೋಟೊ ತೆಗೆಯುತ್ತಾರೆ. ಬಟ್ಟೆಯ ಛಾವಣಿ ಹಿಂದಿನ ನಂಬರ್ ಪ್ಲೇಟಿನವರೆಗೂ ಇಳಿದಿದ್ದು, ತಗಡಿನ ಡಿಕ್ಕಿ ಬಾಗಿಲೇ ಇಲ್ಲದ ಬೂದು ಬಣ್ಣದ ಗಾಡಿ ಸಿಕ್ಕರೆ ಮಾತ್ರ ನೀವು ಐವತ್ತರ ದಶಕದ್ದರ ಮುಂದೆ ನಿಂತಿದ್ದೀರಿ. ಮೊದಲ ಹತ್ತು ವರ್ಷ ಬೂದು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ.

ಒಂದು ಎಚ್ಚರಿಕೆ. 2ಸಿವಿಯ ಮಡ್‌ಗಾರ್ಡು, ಬಾನೆಟ್ಟು, ಬಾಗಿಲು ಎಲ್ಲವೂ ಬಿಚ್ಚಿ ಹಾಕುವಂಥವು. ಬಾಡಿಯನ್ನೇ ಚಾಸಿಯಿಂದ, ಅಂದರೆ ಅಡಿಯ ಚೌಕಟ್ಟಿನಿಂದ, ಎತ್ತಿ ಇನ್ನೊಂದರ ಮೇಲೆ ಇಡಬಹುದು. 1958ರ ಬಾನೆಟ್ ಹೊತ್ತ 1983ರ ಗಾಡಿ ಅಪರೂಪವಲ್ಲ. ಒಂದು ಗುರುತು ನೋಡಿ ವರ್ಷ ಹೇಳಬೇಡಿ. ಬಾನೆಟ್, ಬಾಗಿಲ ಕೀಲು, ಕಿಟಕಿ ಮೂರೂ ಒಂದೇ ಕಾಲವನ್ನು ಹೇಳಿದರೆ ಗಾಡಿ ತನ್ನ ಮೈಯಲ್ಲೇ ಇದೆ.

ಗಾಡಿಯ ಆರೋಗ್ಯ ತಿಳಿಯಲು ಚಾಸಿಯ ಲಕ್ಷಣ ಹೊರಗಿನಿಂದಲೇ ಓದಬೇಕು. ಡಬ್ಬಿಯಂತೆ ಮುಚ್ಚಿದ ಚಾಸಿಯೊಳಗೆ ನೀರು ಸೇರಿ ಒಳಗಿಂದ ಹೊರಕ್ಕೆ ತುಕ್ಕು ತಿನ್ನುತ್ತದೆ. ಹೊರಗೆ ಕಪ್ಪು ಬಣ್ಣ ಮಿರಿಮಿರಿ ಮಿಂಚುತ್ತಿದ್ದರೂ ಒಳಗೆ ಪೊಳ್ಳು. ಹತ್ತು ಹೆಜ್ಜೆ ದೂರ, ಪಕ್ಕಕ್ಕೆ ನಿಂತು ನೋಡಿ. ಮುಂದಿನ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಒಂದು ಕಡೆ ಬೆರಳು ತೂರುವಷ್ಟು, ಇನ್ನೊಂದು ಕಡೆ ಕಾಗದ ತೂರದಷ್ಟು ಇದ್ದರೆ ಚಾಸಿ ಬಾಗಿದೆ. ಆಮೇಲೆ ಮುಂದಿನ ಗಾಜಿನ ಕೆಳಗಿನ ಪಟ್ಟಿ, ಬಾಗಿಲ ಕೆಳಗಂಚು, ಡಿಕ್ಕಿ ಬಾಗಿಲು ನೇತಾಡುವ ಅಂಚು. ಈ ಮೂರು ಕಡೆ ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗೆ ಬಹಳ ಮುಂದೆ ಹೋಗಿದೆ. ಹೊಸ ಚಾಸಿ, ಅದೂ ಸತುವಿನಲ್ಲಿ ಅದ್ದಿ ತೆಗೆದದ್ದು, ಇವತ್ತಿಗೂ ಸಿಗುತ್ತದೆ. ಇಷ್ಟು ಗಾಡಿಗಳು ಇನ್ನೂ ಓಡುತ್ತಿರುವುದಕ್ಕೆ ದೊಡ್ಡ ಕಾರಣ ಅದೇ.

ಎಂಜಿನ್ ಎದುರುಬದುರು ಮಲಗಿದ ಎರಡು ಸಿಲಿಂಡರಿನದು, ಗಾಳಿಯಿಂದ ತಣಿಯುವಂಥದ್ದು. ಶುರುವಿನಲ್ಲಿ 375 ಸಿಸಿ, 9 ಅಶ್ವಶಕ್ತಿ. ಕೊನೆಯವು 602 ಸಿಸಿ. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲವೇ ಇಲ್ಲ, ಎರಡು ಪ್ಲಗ್ಗೂ ಒಟ್ಟಿಗೇ ಕಿಡಿ ಹಾರಿಸುತ್ತವೆ. ಒಂದರ ಕಿಡಿ ಕೆಲಸಕ್ಕೆ ಬಂದರೆ ಇನ್ನೊಂದರದು ವ್ಯರ್ಥ. ನಡುವೆ ನಡುವೆ ಮುಗ್ಗರಿಸುತ್ತಾ ಹೋಗುವ 2ಸಿವಿ ಕಂಡರೆ ಮೊದಲ ಅನುಮಾನ ಕಿಡಿಗಾಗಿ ವಿದ್ಯುತ್ ಕಡಿದು ಕೊಡುವ ಪಾಯಿಂಟಿನ ಮೇಲೆ. ಅದು ಇರುವುದು ಮುಂದಿನ ಫ್ಯಾನಿನ ಹಿಂದೆ. ಫ್ಯಾನ್ ಬಿಚ್ಚದೆ ಕೈಗೆ ಸಿಗದು. ನಡುವಿನ ಬೋಲ್ಟ್ ತೆಗೆದ ಮೇಲೂ ಫ್ಯಾನು ಓರೆಯಾದ ತುದಿಯಲ್ಲಿ ಕಚ್ಚಿಕೊಂಡಿರುತ್ತದೆ. ಪುಲ್ಲರ್ ಹಾಕಿ ತೆಗೆಯುವುದು ಬಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ರೆಕ್ಕೆ ಮುರಿಯುತ್ತದೆ. ಈ ತೊಡಕಿಗೆ ಹೆದರಿ ಜನ ಮುಂದೂಡುತ್ತಾ ಹೋಗುತ್ತಾರೆ, ಪಾಯಿಂಟು ಸವೆಯುತ್ತಾ ಹೋಗುತ್ತದೆ. ಸಂದು 0.4 ಮಿ.ಮೀ. ಇರಬೇಕು. ಕಿಡಿಯ ಕಾಲ ಹೊಂದಿಸಲು ಎಂಜಿನ್ನಿನ ಎಡಬದಿಯ ತೂತಿಗೆ 6 ಮಿ.ಮೀ. ಸರಳು ತೂರಿಸಿ, ಫ್ಲೈವೀಲ್ ಎಂಬ ಭಾರದ ಚಕ್ರದ ಗುಳಿಗೆ ಅದು ಬೀಳುವವರೆಗೆ ಎಂಜಿನ್ ತಿರುಗಿಸುತ್ತಾರೆ. ವಾಲ್ವಿನ ಸಂದು ತಣ್ಣಗಿದ್ದಾಗ 0.2 ಮಿ.ಮೀ. ಮೆಕ್ಯಾನಿಕ್ ಕೆಲಸ ಗೊತ್ತಿರುವ ಯಜಮಾನರೊಂದಿಗೆ ಮಾತು ಬೆಳೆಯುವುದು ಇಂಥ ಅಂಕಿಗಳಿಂದಲೇ.

ಆ ಗಾಡಿಯನ್ನು ಬಿಟ್ಟು ಹೊರಡುವ ಮುಂಚೆ ಮುಂದಿನ ಕಿಟಕಿಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ. ಗಾಜು ಕೆಳಗಿಳಿಯುವುದಿಲ್ಲ. ನಡುವೆ ಅಡ್ಡಡ್ಡ ಸೀಳಿ, ಕೆಳಗಿನ ಅರ್ಧವನ್ನು ಹೊರಕ್ಕೆ ಎತ್ತಿ, ಮೇಲಿನ ಕೊಕ್ಕೆಗೆ ಸಿಕ್ಕಿಸುತ್ತಾರೆ. ಆ ಕೊಕ್ಕೆ ಸಡಿಲಾಗಿರುವ ಗಾಡಿಯಲ್ಲಿ ಗುಂಡಿ ಬಂದಾಗಲೆಲ್ಲ ಗಾಜು ಫಟ್ಟೆಂದು ಬಂದು ಮೊಳಕೈಗೆ ಬಡಿಯುತ್ತದೆ. ಎರಡು ತುಂಡು ಗಾಜು, ಒಂದು ಕೀಲು, ಒಂದು ಕೊಕ್ಕೆ. ರೈತರಿಬ್ಬರು ಮತ್ತು 50 ಕೆ.ಜಿ. ಆಲೂಗಡ್ಡೆ ಹೊತ್ತು ಗಂಟೆಗೆ 60 ಕಿ.ಮೀ. ಹೋಗಬೇಕು, ಉತ್ತ ಗದ್ದೆಯಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು ಎಂದು ಸಿಟ್ರೊಯೆನ್ನಿನ ಮುಖ್ಯಸ್ಥ ಪಿಯೇರ್ ಬೂಲಾಂಜೆ ಇಟ್ಟ ಬೇಡಿಕೆ ಆ ಕೊಕ್ಕೆಯಲ್ಲೂ ಕಾಣುತ್ತದೆ.

2ಸಿವಿಗೆ ರೆನೋ ಕಂಪನಿ ಕೊಟ್ಟ ಉತ್ತರ ರೆನೋ 4. 1961ರಲ್ಲಿ ಬಂತು, 80 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇಲ್ಲಿನವರು ಕಾತ್ರೆಲ್ ಎನ್ನುತ್ತಾರೆ. ಅಂಚೆಯ ಹಳದಿ ವ್ಯಾನು, ಜಾಂಡಾರ್ಮ್ ಪೊಲೀಸರ ನೀಲಿ ಗಾಡಿ ಎಲ್ಲ ಇದೇ. ಮುಂದಿನ ಜಾಲರಿ ಹೆಡ್‌ಲೈಟುಗಳ ನಡುವೆ ಮಾತ್ರ ಇದ್ದರೆ 1967ರೊಳಗಿನದು, ಲೈಟನ್ನೂ ಒಳಗೊಂಡ ಉದ್ದ ಅಲ್ಯೂಮಿನಿಯಂ ಪಟ್ಟಿಯಾದರೆ 1967ರಿಂದ 74ರದು, ಕಪ್ಪು ಪ್ಲಾಸ್ಟಿಕ್ ಆದರೆ ಆಮೇಲಿನದು. ಎಡಬದಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರದ ಅಂತರ ಹೆಜ್ಜೆಯಿಂದ ಅಳೆದು, ಬಲಕ್ಕೆ ಬಂದು ಮತ್ತೆ ಅಳೆದು ನೋಡಿ. ಎಡಗಡೆ ಸುಮಾರು 5 ಸೆಂ.ಮೀ. ಕಡಿಮೆ ಬರುತ್ತದೆ. ಅಪಘಾತವಾದ ಗಾಡಿ ಎಂದುಕೊಳ್ಳಬೇಡಿ. ಹಿಂದಿನ ಸಸ್ಪೆನ್ಷನ್ನಿಗೆ ಸ್ಪ್ರಿಂಗಿನ ಬದಲು ಗಾಡಿಯ ಅಡ್ಡಕ್ಕೆ ಚಾಚುವ ತಿರುಚು ಸರಳುಗಳಿವೆ. ಎರಡು ಸರಳು ಒಂದರ ಹಿಂದೊಂದು ಕೂರಬೇಕಾದ್ದರಿಂದ ಒಂದು ಚಕ್ರ ಮುಂದೆ, ಒಂದು ಹಿಂದೆ.

ಸಿಟ್ರೊಯೆನ್ ಡಿಎಸ್ ಬೇರೆಯೇ ಜಾತಿ. ಫ್ರೆಂಚಿನಲ್ಲಿ ಆ ಎರಡಕ್ಷರ ಓದಿದರೆ ದೇಎಸ್, ದೇವತೆ ಎಂದರ್ಥ. 1955ರ ಅಕ್ಟೋಬರ್ 5ರಂದು ಪ್ಯಾರಿಸ್ ಪ್ರದರ್ಶನದಲ್ಲಿ ತೆರೆ ಸರಿಸಿದ 15 ನಿಮಿಷದಲ್ಲಿ 743 ಬುಕಿಂಗ್, ದಿನ ಮುಗಿಯುವಾಗ 12,000. ರೂಪ ಕೊಟ್ಟದ್ದು ಇಟಲಿಯ ಶಿಲ್ಪಿ ಫ್ಲಾಮಿನಿಯೋ ಬರ್ತೋನಿ, ಎಂಜಿನಿಯರ್ ಆಂದ್ರೆ ಲೆಫೆವ್ರ್, ಹೈಡ್ರಾಲಿಕ್ಸ್ ಪಾಲ್ ಮಾಜೆಸ್. ಗುರುತು ಹಿಡಿಯುವುದು ಸುಲಭ: ಒಂದೊಂದೇ ಹೆಡ್‌ಲೈಟ್ ಹೊರಗೆ ನಿಂತಿದ್ದರೆ 1967ರ ಸೆಪ್ಟೆಂಬರಿಗೆ ಮುಂಚಿನದು. ಗಾಜಿನ ಹೊದಿಕೆಯೊಳಗೆ ಎರಡೆರಡು ಇದ್ದರೆ ಆಮೇಲಿನದು. ಮೇಲ್ದರ್ಜೆಯವುಗಳಲ್ಲಿ ಒಳಗಿನ ಜೋಡಿ ಸ್ಟೇರಿಂಗ್ ತಿರುಗಿದತ್ತ ತಾನೂ ತಿರುಗುತ್ತದೆ. ಬಾಗಿಲ ಹಿಡಿ ಬಾಗಿಲೊಳಗೇ ಹುದುಗಿದ್ದರೆ 1971ರ ಶರತ್ಕಾಲದಿಂದೀಚಿನದು. 1975ರ ಏಪ್ರಿಲಿನಲ್ಲಿ ತಯಾರಿಕೆ ನಿಂತಿತು.

ನಿಂತ ಡಿಎಸ್ ಹೊಟ್ಟೆ ನೆಲಕ್ಕೆ ಒರಗಿಸಿ ಮಲಗಿದಂತೆ ಕಾಣುತ್ತದೆ. ಕೆಟ್ಟಿದೆ ಎಂದಲ್ಲ. ಅದನ್ನು ಹೊತ್ತಿರುವುದು ಸ್ಪ್ರಿಂಗಲ್ಲ, ಎಣ್ಣೆಯ ಒತ್ತಡ ಮತ್ತು ಗೋಳಗಳಲ್ಲಿ ತುಂಬಿದ ಅನಿಲ. ಎಂಜಿನ್ ನಿಂತ ಮೇಲೆ ಒತ್ತಡ ಮೆಲ್ಲಗೆ ಇಳಿಯುವುದು ಸಹಜ. ಸುಸ್ಥಿತಿಯ ಗಾಡಿ ಗಂಟೆಗಟ್ಟಲೆ ನಿಂತು ಆಮೇಲೆ ಕೂರುತ್ತದೆ, ಸೋರುವುದು ಯಜಮಾನ ಕಾಫಿ ಮುಗಿಸುವುದರೊಳಗೆ ಕೂರುತ್ತದೆ. ಯಜಮಾನ ಬಂದು ಸ್ಟಾರ್ಟ್ ಮಾಡಿದರೆ ಹೋಗಬೇಡಿ, ನಿಂತು ನೋಡಿ. ಮೊದಲು ಹಿಂಭಾಗ ಏಳುತ್ತದೆ, ಅರೆಕ್ಷಣ ಬಿಟ್ಟು ಮುಂಭಾಗ, ಮಲಗಿದ್ದ ಹಸು ಎದ್ದು ನಿಲ್ಲುವ ಕ್ರಮದಲ್ಲೇ. ಆಗ ಬಾನೆಟ್ ಕಡೆಗೆ ಕಿವಿ ಕೊಡಿ. ಟಿಕ್ ಎಂಬ ಸದ್ದು ಒತ್ತಡ ನಿಯಂತ್ರಕದ್ದು. ಅರ್ಧ ನಿಮಿಷಕ್ಕೊಮ್ಮೆಯೋ ಇನ್ನೂ ನಿಧಾನವಾಗಿಯೋ ಬಂದರೆ ಚೆನ್ನ. ಐದಾರು ಸೆಕೆಂಡಿಗೊಮ್ಮೆ ಬಂದರೆ ಮುಖ್ಯ ಗೋಳದ ಒಳಗಿನ ನೈಟ್ರೋಜನ್ ಮುಗಿದಿದೆ, ಇಲ್ಲವೇ ಎಲ್ಲೋ ಸೋರಿಕೆ ಇದೆ. ಆ ಗೋಳಗಳು ಸವೆಯುವ ವಸ್ತುಗಳೇ. ಒಳಗಿನ ಪೊರೆಯ ಮೂಲಕ ಅನಿಲ ವರ್ಷವರ್ಷವೂ ಜಿನುಗುತ್ತದೆ, ಗಾಡಿ ಎತ್ತಿನಗಾಡಿಯಂತೆ ಕುಲುಕುತ್ತದೆ. ಅನಿಲ ತುಂಬಿಸಿದರೆ ಮತ್ತೆ ದೋಣಿಯಂತೆ ತೇಲುತ್ತದೆ.

ಡಿಎಸ್ ಕೆಡುವುದಕ್ಕೆ ದೊಡ್ಡ ಕಾರಣ ತಪ್ಪು ಹೈಡ್ರಾಲಿಕ್ ಎಣ್ಣೆ. 1966ರ ಸೆಪ್ಟೆಂಬರಿನವರೆಗೆ ಫ್ರಾನ್ಸಿನ ಗಾಡಿಗಳಿಗೆ ಕೆಂಪು ಎಲ್‌ಎಚ್‌ಎಸ್, ಆಮೇಲೆ ಹಸಿರು ಖನಿಜತೈಲ ಎಲ್‌ಎಚ್‌ಎಂ. ಒಂದರ ರಬ್ಬರ್ ಸೀಲಿಗೆ ಇನ್ನೊಂದು ವಿಷ. ತಪ್ಪಿ ಸುರಿದರೆ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ, ಆಮೇಲೆ ಪಂಪಿನಿಂದ ಬ್ರೇಕಿನವರೆಗೆ ಎಲ್ಲ ಬಿಚ್ಚಬೇಕು. ಬಾನೆಟ್ ತೆರೆದಿದ್ದರೆ ಹೈಡ್ರಾಲಿಕ್ ಭಾಗಗಳ ಬಣ್ಣ ನೋಡಿ: ಹಸಿರು ಬಳಿದಿದ್ದರೆ ಹಸಿರು ಎಣ್ಣೆಯದು, ಕಪ್ಪಾದರೆ ಕೆಂಪಿನದು. ಇದೇ ಅಪಾಯ 1981ರಿಂದೀಚಿನ, ಮುಂದೆ ಡಿಸ್ಕ್ ಬ್ರೇಕಿರುವ 2ಸಿವಿಗೂ ಇದೆ. ಅದಕ್ಕೂ ಎಲ್‌ಎಚ್‌ಎಂ ಬೇಕು. ಅಂಗಡಿಯ ಮಾಮೂಲಿ ಬ್ರೇಕ್ ಆಯಿಲ್ ಹಾಕಿದರೆ ಬ್ರೇಕು ಹೋಗುತ್ತದೆ. ಇನ್ನೊಂದು ಮಾತು: ಎದ್ದು ನಿಂತ ಡಿಎಸ್ ಅಡಿಗೆ ಬಗ್ಗಿ ಕೈ ಹಾಕಬೇಡಿ. ಕೊಳವೆಯೊಂದು ಬಿಟ್ಟುಕೊಂಡರೆ ಒಂದು ಟನ್ನಿಗೂ ಹೆಚ್ಚಿನ ಗಾಡಿ ಥಟ್ಟನೆ ಕೆಳಗೆ ಕೂರುತ್ತದೆ.

ತುಕ್ಕಿನ ವಿಷಯದಲ್ಲಿ ಡಿಎಸ್ ಬಲು ಮೋಸಗಾರ. ಹೊರಗಿನ ಹೊದಿಕೆಯೆಲ್ಲ ಬೋಲ್ಟಿನದು, ಹಿಂದಿನ ಮಡ್‌ಗಾರ್ಡಂತೂ ಒಂದೇ ಬೋಲ್ಟ್. ಹಿಂದಿನ ಚಕ್ರ ಬದಲಿಸಲು ಅದನ್ನೇ ಕಳಚಬೇಕು. ಹೊದಿಕೆಗೆ ಹೊಸ ಬಣ್ಣ ಬಳಿದು ಮಿಂಚಿಸುವುದು ಸುಲಭ, ಭಾರ ಹೊರುವುದು ಒಳಗಿನ ಚೌಕಟ್ಟು. ಹಿಂದಿನ ಬಾಗಿಲು ತೆರೆದಿದ್ದಾಗ ಹೊಸ್ತಿಲಿನ ಹಿಂತುದಿ, ಡಿಕ್ಕಿಯ ನೆಲ ನೋಡಿದರೆ ನಿಜ ತಿಳಿಯುತ್ತದೆ.

ಉಳಿದವು ಚುಟುಕಾಗಿ. ಕಪ್ಪು ಬಣ್ಣದ, ಉದ್ದ ಮೂಗಿನ, ಜಾಲರಿಯ ಮೇಲೆ ದೊಡ್ಡ ಜೋಡಿ ಬಾಣದ ಗುರುತಿನ ಸಿಟ್ರೊಯೆನ್ ಟ್ರಾಕ್ಸಿಯೋನ್ 1934ರಿಂದ 1957ರದು. ಡಿಕ್ಕಿ ಹೊರಗೆ ಉಬ್ಬಿದ್ದರೆ 1952ರ ನಂತರದ್ದು. ಆ ಜೋಡಿ ಬಾಣ ಮೂಲತಃ ಆಂದ್ರೆ ಸಿಟ್ರೊಯೆನ್ ತಯಾರಿಸುತ್ತಿದ್ದ ಗೇರ್ ಚಕ್ರದ ಹಲ್ಲಿನ ಆಕಾರ. ತಗಡು ಮಡಿಸಿ ಮಾಡಿದ ಸಿಟ್ರೊಯೆನ್ ಎಚ್ ವ್ಯಾನು, ಈಗ ಊಟದ ಗಾಡಿಯಾಗಿ ಎಲ್ಲೆಲ್ಲೂ ಕಾಣುವಂಥದ್ದು, 1947ರಿಂದ 1981ರದು. ಮುಂದಿನ ಗಾಜು ಎರಡು ತುಂಡಾಗಿದ್ದರೆ 1964ಕ್ಕೆ ಮುಂಚಿನದು. ಇಂದಿನ ವ್ಯಾನಿನ ಮೇಲೆ ಅದೇ ರೂಪದ ಹೊದಿಕೆ ಹಾಕಿದವೂ ಓಡಾಡುತ್ತವೆ. ಚಕ್ರ, ಕನ್ನಡಿ, ಮುಂದಿನ ಗಾಜಿನ ಓರೆ ನೋಡಿದರೆ ಗೊತ್ತಾಗುತ್ತದೆ.

ಪ್ಯೂಜೋ 404 ಮತ್ತು 504 ಎರಡೂ ಇಟಲಿಯ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ ಕೈಯ ರೂಪ. 1960ರ 404ಕ್ಕೆ ಹಿಂದೆ ಸಣ್ಣ ರೆಕ್ಕೆ, 1968ರ 504ಕ್ಕೆ ನಡುವೆ ಮುರಿದಂತೆ ಇಳಿಯುವ ಡಿಕ್ಕಿ. ಡೀಸೆಲ್ 504 ಸ್ಟಾರ್ಟ್ ಆದರೆ ಮಲೆನಾಡಿನವರು ತಲೆ ಎತ್ತಿ ನೋಡುತ್ತಾರೆ, ಏಕೆಂದರೆ ಆ ಸದ್ದು ಅವರಿಗೆ ಹೊಸದಲ್ಲ. ಮಹೀಂದ್ರದ ಎಂಎಂ 540 ಜೀಪಿನೊಳಗೆ ಇದ್ದದ್ದು ಪ್ಯೂಜೋ ಎಕ್ಸ್‌ಡಿಪಿ 4.90, 2112 ಸಿಸಿ. 504ರ ಡೀಸೆಲ್ಲಿನ ಮನೆತನದ್ದೇ. ಸಕಲೇಶಪುರ, ಮೂಡಿಗೆರೆಯ ತೋಟದ ರಸ್ತೆಗಳಲ್ಲಿ ಗೊಬ್ಬರದ ಚೀಲ ಹೊತ್ತು ಏರು ಹತ್ತಿದ್ದು ಅದೇ ಎಂಜಿನ್.

ಇವೆಲ್ಲ ಒಟ್ಟಿಗೆ ಸಿಗುವ ಜಾಗಗಳೂ ಇವೆ. ಪ್ಯಾರಿಸ್ಸಿನ ಪೂರ್ವದಂಚಿನ ವೆಂಸೆನ್ ಕೋಟೆಯ ಬಯಲಿನಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಳೆ ಗಾಡಿಗಳು ಸೇರುತ್ತವೆ. ಆ ಕೂಟ ನಡೆಸುವ ಸಂಘ ಜನವರಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೂರಾರು ಗಾಡಿಗಳನ್ನು ಪ್ಯಾರಿಸ್ಸಿನ ಅಡ್ಡಕ್ಕೆ ಓಡಿಸುತ್ತದೆ. ಜನವರಿಯದೇ ನನಗೆ ಮೆಚ್ಚು: ಮಂಜಿನಲ್ಲಿ ಹಳದಿ ಹೆಡ್‌ಲೈಟುಗಳ ಸಾಲು. ಏಪ್ರಿಲ್ ಕೊನೆಯ ಭಾನುವಾರ ದೇಶದಾದ್ಯಂತ ಹಳೆ ವಾಹನಗಳ ದಿನ. ಪೂರ್ವಕ್ಕೆ ಹೋದರೆ ಸೋಶೋದಲ್ಲಿ ಪ್ಯೂಜೋ ಮ್ಯೂಸಿಯಂ, ಮುಲ್ಹೌಸ್‌ನಲ್ಲಿ ರಾಷ್ಟ್ರೀಯ ಕಾರು ಮ್ಯೂಸಿಯಂ. ಹಳ್ಳಿಯ ಭಾನುವಾರದ ಕೂಟಕ್ಕೆ ಹೋಗುವುದಾದರೆ ಒಂಬತ್ತೂವರೆಗೆ ಅಲ್ಲಿರಿ. ಹನ್ನೆರಡಾದರೆ ಎಲ್ಲರೂ ಊಟಕ್ಕೆ ಹೊರಟಿರುತ್ತಾರೆ.

ಫೋಟೊಗೆ ಮಂಡಿ ಊರಿ ಹೆಡ್‌ಲೈಟಿನ ಮಟ್ಟಕ್ಕೆ ಇಳಿಯಿರಿ, ನಿಂತು ತೆಗೆದರೆ ಛಾವಣಿಯೇ ದೊಡ್ಡದಾಗುತ್ತದೆ. ಡಿಎಸ್‌ಗೆ ಹಿಂದೆ ಸರಿದು ನೇರ ಪಕ್ಕದಿಂದ. ಮಡ್‌ಗಾರ್ಡಿಗೆ ಒರಗಬೇಡಿ, ಆ ತಗಡು ಅಂಗೈ ಒತ್ತಿಗೂ ತಗ್ಗುತ್ತದೆ. ಯಜಮಾನ ಇದ್ದರೆ ಮೊದಲು ಬೊಂಜೂರ್, ಆಮೇಲೆ ಮಿಕ್ಕ ಮಾತು. ‘ಸೆ ಕೆಲ್ ಆನೇ?’ ಎಂದರೆ ಯಾವ ವರ್ಷದ್ದು ಎಂದು. ನಿಮಗೆ ಆಗಲೇ ಗೊತ್ತಿದ್ದರೆ ‘ಅರವತ್ತಮೂರು ಇರಬೇಕಲ್ಲವೇ, ಬಾಗಿಲು ಹಿಮ್ಮುಖ’ ಎಂದು ಹೇಳಿ ನೋಡಿ, ಒಳಗೆ ಕೂತು ನೋಡಿ ಎಂಬ ಕರೆ ಬರುವುದು ಹೆಚ್ಚಾಗಿ ಆಗಲೇ. 2ಸಿವಿಯಲ್ಲಿ ಕೂತರೆ ಡ್ಯಾಶ್‌ಬೋರ್ಡಿನಿಂದ ಕೊಡೆಯ ಹಿಡಿಯಂತೆ ಚಾಚಿರುವ ಗೇರ್ ಹಿಡಿದು ನೋಡಿ: ಎಡಕ್ಕೆ ತಿರುಗಿಸಿ ಎಳೆದರೆ ಒಂದನೆಯದು, ನೇರ ಮಾಡಿ ಮುಂದೆ ತಳ್ಳಿದರೆ ಎರಡು, ಹಾಗೇ ಹಿಂದಕ್ಕೆ ಎಳೆದರೆ ಮೂರು, ಬಲಕ್ಕೆ ತಿರುಗಿಸಿ ತಳ್ಳಿದರೆ ನಾಲ್ಕು.